ಉಳಿಕೆಯ ವಿದ್ಯುತ್ತು ಮತ್ತು ನೆರೆಮನೆಯ ಪಾಲು

ಚಾರ್ಮಾಡಿ ಘಟ್ಟದ ತಪ್ಪಲಿನ ಕೆಲವು ಮನೆಗಳಲ್ಲಿ ತೋಡಿನ ನೀರನ್ನು ಪೈಪಿನಲ್ಲಿ ಇಳಿಸಿ, ಕಿರು ಟರ್ಬೈನು ತಿರುಗಿಸಿ, ವಿದ್ಯುತ್ತನ್ನು ಪಡೆಯುವ ಕ್ರಮವುಂಟು. ಒಂದು ಕಿಲೋವಾಟಿನ ಯಂತ್ರವು ಹಗಲಿರುಳು ಪೂರ್ಣ ಶಕ್ತಿಯಿಂದ ತಿರುಗಿದರೆ ದಿನಕ್ಕೆ 24 ಯೂನಿಟ್. ಅಷ್ಟೇ ಸಾಮರ್ಥ್ಯದ ಸೌರಫಲಕ ಕೊಡುವುದು ಸರಾಸರಿ 4 ಯೂನಿಟ್. ಒಂದು ಕೃಷಿಕ ಕುಟುಂಬಕ್ಕೆ 24 ಯೂನಿಟ್ ಬೇಡ. ಯಂತ್ರದ ವೇಗ ಕೆಡದಿರಲೆಂದು ನಿಯಂತ್ರಕವು ಉಳಿಕೆಯನ್ನು ಹೀಟರಿಗೆ ತಿರುಗಿಸುತ್ತದೆ. ಬಚ್ಚಲಿನ ನೀರು ಕಾದ ಮೇಲೂ ಶಾಖವು ವ್ಯರ್ಥವಾಗಿ ಹೋಗುತ್ತಲೇ ಇರುತ್ತದೆ. ತೋಟದಾಚೆಯ ಮನೆಯಲ್ಲಿ, ಗಾಳಿಮಳೆಗೆ ತಂತಿ ಕಡಿದ ರಾತ್ರಿ, ಚಿಮಣಿಯೇ ಗತಿ.

ಹಂಚುವವನಿಗೆ ಸರಕಾರದ ಯೋಜನೆಗಳಲ್ಲಿ ದೊರೆಯುವ ಪ್ರೋತ್ಸಾಹವೇನು? 2024ರ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯು 3 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. ಒಳ್ಳೆಯದೇ. ಆದರೆ ಸಹಾಯಧನವು ಹೂಡಿದ ಯಂತ್ರಕ್ಕೆ. ನೆರೆಯವನಿಗೆ ಮುಟ್ಟಿದ ಯೂನಿಟ್ಟಿಗಲ್ಲ. ತೋಡಿನ ಟರ್ಬೈನಿಗಂತೂ ಅದರಲ್ಲಿ ಸ್ಥಾನವೇ ಇಲ್ಲ.

2023ರಲ್ಲಿ ರಾಜ್ಯವು ಜಾರಿಗೆ ತಂದ ಗೃಹಜ್ಯೋತಿಯು ಬಡವರ ಬಿಲ್ಲಿನ ಭಾರ ಇಳಿಸಿದ್ದು ನಿಜ. ಆದರೆ 200 ಯೂನಿಟ್ಟಿನ ಮಿತಿಯೊಳಗೆ ಅದರ ಅಳತೆ 2022-23ರ ಸರಾಸರಿ ಬಳಕೆ. ಅದರ ಮೇಲೆ ಶೇಕಡಾ 10. ಅಲ್ಪ ಬಳಕೆದಾರರಿಗಾಗಿ ಮುಂದೆ ತಿದ್ದುಪಡಿಯಾದರೂ ಆಧಾರ ಹಳೆಯ ಬಳಕೆಯೇ. ಮಿತವಾಗಿ ಬಾಳಿದವನಿಗೆ ಸಣ್ಣ ಕೊಳಗ, ಧಾರಾಳವಾಗಿ ಉರಿಸಿದವನಿಗೆ ದೊಡ್ಡ ಕೊಳಗ! ಹೀನಾಧಿಕ ಮಾನೋನ್ಮಾನವನ್ನು ಅಚೌರ್ಯವ್ರತದ ಅತಿಚಾರವೆಂದು ಬಲ್ಲ ವ್ಯಾಪಾರಿ ಕುಟುಂಬಗಳು ಇದನ್ನು ಯೋಚಿಸಬೇಕು. ಬಿಲ್ಲು ಸೊನ್ನೆಯಾದವನಿಗೆ ಉತ್ಪಾದಿಸುವ ಉತ್ಸಾಹವಾದರೂ ಎಲ್ಲಿಂದ ಬರಬೇಕು?

ಹಾಗೆಂದು ತೋಡಿನ ಉಳಿಕೆಯನ್ನು ಪುಕ್ಕಟೆಯಾಗಿ ಕೊಡಬೇಕೆಂಬ ವಾದವೂ ಸರಿಯಲ್ಲ. ತರಗೆಲೆ ಸಿಕ್ಕಿ ಪೈಪಿನ ಬಾಯಿ ಕಟ್ಟಿದಾಗ ಸುರಿವ ಮಳೆಯಲ್ಲಿ ಇಂಬಳಗಳ ನಡುವೆ ಹತ್ತಿ ಹೋಗುವವನು ಯಜಮಾನ. ಇತ್ತ, ಹೀಟರಿನಲ್ಲಿ ಸುಟ್ಟುಹೋಗಲಿದ್ದ ಯೂನಿಟ್ಟಿಗೆ ಪೇಟೆಯ ದರ ಕೇಳುವುದು ಲೋಭ. ನ್ಯಾಯವಾದ ಬೆಲೆಯೆಂದರೆ ತಂತಿಯ ಖರ್ಚು, ಸವಕಳಿಯಲ್ಲೊಂದು ಪಾಲು, ದುರಸ್ತಿಯ ಕೂಲಿ. ಪೈಪು ನೆರೆಯವನ ಜಾಗದಲ್ಲಿ ಹಾದಿದ್ದರೆ ಅದನ್ನೂ ಅವನ ಖಾತೆಗೆ ಜಮಾ ಮಾಡಬೇಕು. ಗ್ರಾಮೀಣ ಪ್ರದೇಶವೆಂದು ರಾಜ್ಯವು ಅಧಿಸೂಚಿಸಿದಲ್ಲಿ ಸ್ವತಃ ಉತ್ಪಾದಿಸಿ ಹಂಚಲು 2003ರ ವಿದ್ಯುತ್ ಕಾಯ್ದೆಯ 14ನೆಯ ಕಲಮಿನಂತೆ ಪರವಾನಗಿ ಬೇಕಿಲ್ಲ. ಸುರಕ್ಷತೆಯ ನಿಯಮಗಳನ್ನು ಮಾತ್ರ ಪಾಲಿಸತಕ್ಕದ್ದು.

ಕಷ್ಟದ ಲೆಕ್ಕ ಬೇಸಗೆಯದು. ನೀರು ಬತ್ತುತ್ತ ಬಂದಾಗ ಯಾರ ದೀಪ ಮೊದಲು ಆರಬೇಕೆಂಬುದನ್ನು ತೋಡು ತುಂಬಿ ಹರಿಯುವ ಆಷಾಢದಲ್ಲೇ ಎರಡೂ ಮನೆಯವರು ಕುಳಿತು ಬರೆದಿಟ್ಟುಕೊಳ್ಳಬೇಕು.