ಕೆಸರಿನ ಮೇಲಿನ ಬಿಳಿ

ನಿಸರ್ಗದ ಫೋಟೊ ತೆಗೆಯುವುದನ್ನು ಕಲಿಯಬೇಕು ಅಂದವರೆಲ್ಲ ನಮ್ಮ ಜಿಲ್ಲೆಯಲ್ಲಿ ಮೊದಲು ಹೊರಡುವುದು ದಾಂಡೇಲಿಗೆ. ಮಂಗಟ್ಟೆ ಸಿಗಬೇಕು, ಕರಿಚಿರತೆ ಕಂಡರಂತೂ ಜನ್ಮ ಸಾರ್ಥಕ. ಅದೇ ಕಾಳಿ ನದಿ ದಾಂಡೇಲಿಯನ್ನು ದಾಟಿ, ಕದ್ರಾದ ಅಣೆಕಟ್ಟು ಇಳಿದು, 184 ಕಿಲೋಮೀಟರಿನ ಹರಿವು ಮುಗಿಯಲು ಸ್ವಲ್ಪವೇ ಬಾಕಿ ಇರುವಾಗ ಕಾರವಾರದ ಹತ್ತಿರದ ಕದ್ವಾಡದ ಮಗ್ಗುಲಿಗೆ ಬರುತ್ತದೆ. ಇಲ್ಲಿ ಅದಕ್ಕೆ ಅವಸರವಿಲ್ಲ. ಅಗಲವಾಗಿ ಹರಡಿಕೊಂಡು, ಉಪ್ಪುನೀರು ಸಿಹಿನೀರು ಬೆರೆಸಿಕೊಂಡು ಕುಳಿತಿರುತ್ತದೆ. ದಂಡೆಯಲ್ಲಿ ಇರುವುದು ಕೆಸರು, ಕಾಂಡ್ಲ ಗಿಡಗಳು, ಬೆಳ್ಳಕ್ಕಿಗಳು. ಬೆಳ್ಳಕ್ಕಿಯ ಫೋಟೊ ಯಾರಿಗೆ ಬೇಕು ಎಂದು ಕೇಳಬಹುದು. ಕಲಿಯುವವನಿಗೆ ಬೇಕು. ಕಪ್ಪು ಕೆಸರಿನ ಮೇಲೆ ನಿಂತ ಬಿಳಿ ಹಕ್ಕಿಗಿಂತ ಕಟ್ಟುನಿಟ್ಟಾದ ಮೇಷ್ಟ್ರು ನನಗೆ ಗೊತ್ತಿರುವ ಮಟ್ಟಿಗೆ ಈ ವಿದ್ಯೆಯಲ್ಲಿ ಇಲ್ಲ. ಅಷ್ಟು ಸೊಗಸಿನ ಮೇಷ್ಟ್ರೂ ಇಲ್ಲ.

ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ಒಂದು ಹಟ. ಎದುರಿಗೆ ಏನೇ ಇರಲಿ, ಎಲ್ಲ ಸೇರಿ ನಡುಮಟ್ಟದ ಬೂದು ಎಂದೇ ಅದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕೆಸರು, ನಡುವೆ ಚಿಕ್ಕದೊಂದು ಹಕ್ಕಿ ಇದ್ದರೆ ಕೆಸರನ್ನು ಬೂದು ಮಾಡಲು ಹೊರಟು ಬೆಳಕನ್ನು ಏರಿಸುತ್ತದೆ. ಕೆಸರು ಹಸನಾಗುತ್ತದೆ, ಹಕ್ಕಿ ಹಾಳಾಗುತ್ತದೆ. ಗರಿಯಿಲ್ಲ, ಮೈಯ ಉಬ್ಬುತಗ್ಗಿಲ್ಲ. ಉಳಿಯುವುದು ಸುಣ್ಣ ಬಳಿದ ಗೋಡೆಯಂಥ ಒಂದು ಆಕಾರ. ಹಾಗಾಗಿ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕು ಅರ್ಧವಾಗುವಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಕೆಳಗಿಳಿಸಬೇಕು. ಅದೇ ಹಕ್ಕಿ ಎದ್ದು ಮೋಡದ ಆಕಾಶಕ್ಕೆ ಅಡ್ಡವಾಗಿ ಹಾರಿತೋ, ಲೆಕ್ಕ ತಿರುಗುಮುರುಗು: ಈಗ ಏರಿಸಬೇಕು, ಇಲ್ಲದಿದ್ದರೆ ಬೆಳ್ಳಕ್ಕಿ ಕಾಗೆಯಾಗುತ್ತದೆ. ಈ ಜಂಜಾಟಕ್ಕೆ ಬೇಸತ್ತವರು ಮ್ಯಾನ್ಯುಯಲ್‌ಗೆ ಬಂದು, ಹಕ್ಕಿಯ ಮೇಲೆ ಬೀಳುವ ಬೆಳಕಿಗೆ ತಕ್ಕಂತೆ ಒಮ್ಮೆ ಹೊಂದಿಸಿ ಬಿಟ್ಟುಬಿಡುತ್ತಾರೆ. ಬೆಳಕು ಬದಲಾಗುವವರೆಗೆ ಹಿನ್ನೆಲೆ ಏನಾದರೂ ಆಗಲಿ.

ಇಷ್ಟಾದ ಮೇಲೆ ರಸದ ಭಾಗ ಶುರು. ಸರಿಯಾಗಿ ಸಿಕ್ಕ ಬೆಳ್ಳಕ್ಕಿಯಲ್ಲಿ ಬಿಳಿ ಎಂಬ ಬಣ್ಣ ಎಷ್ಟು ಕಡಿಮೆ ಎಂಬುದು ಆಗ ಕಾಣುತ್ತದೆ. ಬೆನ್ನಿನ ಮೇಲೆ ಆಕಾಶದ ತೆಳುನೀಲಿ. ಹೊಟ್ಟೆಯ ಅಡಿಯಲ್ಲಿ ಕೆಸರಿನಿಂದ ಪುಟಿದ ಕಂದು, ಪಕ್ಕದಲ್ಲಿ ಕಾಂಡ್ಲದ ಎಲೆ ಇದ್ದರೆ ಅದರ ಹಸಿರು. ಕತ್ತಿನ ತಿರುವಿನಲ್ಲಿ ಬೂದಿ. ಅಚ್ಚ ಬಿಳಿ ಎಲ್ಲೋ ರೆಕ್ಕೆಯ ಒಂದಂಚಿನಲ್ಲಿ. ಚಿಕ್ಕ ಬೆಳ್ಳಕ್ಕಿ ತೆಳುನೀರಿನಲ್ಲಿ ಒಂದು ಕಾಲನ್ನು ನಡುಗಿಸುತ್ತ ಮೀನುಮರಿಗಳನ್ನು ಎಬ್ಬಿಸುತ್ತದೆ. ಕಪ್ಪು ಕಾಲಿನ ತುದಿಯ ಹಳದಿ ಬೆರಳುಗಳು ಕೆಸರಿನಿಂದ ಮೇಲೆ ಬಂದಾಗ ಆ ಹಳದಿಯ ಎದುರು ಬಿಳಿಗೆ ಇನ್ನೊಂದು ಅರ್ಥ. ಕೊಳದ ಬಕನದ್ದು ಇನ್ನೂ ತಮಾಷೆ. ಕುಳಿತಿರುವಷ್ಟು ಹೊತ್ತೂ ಅದು ಕೆಸರೇ, ಕಣ್ಣೆದುರೇ ಇದ್ದರೂ ಕಾಣದು. ಹಾರಿದ ಕ್ಷಣ ರೆಕ್ಕೆ ಬಿಚ್ಚಿ ಪೂರಾ ಬಿಳಿಯಾಗುತ್ತದೆ. ಕಂದು ಬೆನ್ನಿಗೆ ಹೊಂದಿಸಿಟ್ಟ ಕ್ಯಾಮೆರಾ ಅಲ್ಲಿ ಸೋಲುತ್ತದೆ. ರೀಫ್ ಎಗ್ರೆಟ್ ಎಂಬ ಕರಾವಳಿಯ ಹಕ್ಕಿಯಲ್ಲಂತೂ ಒಂದೇ ಜಾತಿಯಲ್ಲಿ ಕಡುಬೂದು ಮೈಯವೂ ಉಂಟು, ಬಿಳಿಯವೂ ಉಂಟು. ಗರುಡನ ತಲೆ-ಎದೆ ಬಿಳಿ, ಉಳಿದ ಮೈ ಇಟ್ಟಿಗೆಗೆಂಪು. ಬೆಳಕನ್ನು ಯಾವುದಕ್ಕೆ ಹೊಂದಿಸುತ್ತೀರೋ ನಿಮಗೆ ಬಿಟ್ಟದ್ದು, ನಾನಾದರೆ ತಲೆಗೆ.

ಹಕ್ಕಿ ಬೇಡವೆಂದರೆ ಹೂವಿದೆ. ಕಾಂಡ್ಲದ ಗುಂಪಿಗೇ ಸೇರಿದ ಸೊನರೇಶಿಯಾ ಮರ ಕತ್ತಲಾಗುವಾಗ ಹೂಬಿಡುತ್ತದೆ. ಕೂದಲಿನಂಥ ನೂರಾರು ಬಿಳಿ ಕೇಸರಗಳು ಬೆಳಗಾಗುವಷ್ಟರಲ್ಲಿ ನೀರಿಗೆ ಉದುರಿರುತ್ತವೆ. ಸಂಜೆಯ ಕಡೆಯ ಬೆಳಕಿನಲ್ಲೇ ಅದನ್ನು ಹಿಡಿಯಬೇಕು.

ಬೆಳಕಿನ ಜೊತೆ ಇಲ್ಲಿ ನೀರಿನ ಲೆಕ್ಕವೂ ಇದೆ. ದೋಣಿಯವರನ್ನು ಕೇಳಿದರೆ ಭರತಿ ಯಾವಾಗ, ಸುಕತಿ ಯಾವಾಗ ಎಂದು ಗಡಿಯಾರ ನೋಡದೆ ಹೇಳುತ್ತಾರೆ. ಇಳಿತದಲ್ಲೇ ಕೆಸರು ತೆರೆದುಕೊಳ್ಳುವುದು, ಹಕ್ಕಿಗಳು ಇಳಿಯುವುದೂ ಆಗಲೇ. ಆದರೆ ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜಾರುತ್ತದೆ. ಎಳೆಬಿಸಿಲೂ ಇಳಿತವೂ ಕೂಡಿಬರುವುದು ಹದಿನೈದು ದಿನಕ್ಕೊಮ್ಮೆ, ಅದೂ ಬೆರಳೆಣಿಕೆಯ ಬೆಳಗುಗಳಲ್ಲಿ. ಸಾಲದ್ದಕ್ಕೆ ಮೂಡಣಕ್ಕೆ ಸಹ್ಯಾದ್ರಿಯ ಗುಡ್ಡಗಳು. ಪಂಚಾಂಗದ ಸೂರ್ಯೋದಯ ಬೇರೆ, ದಂಡೆಗೆ ಬಿಸಿಲು ಮುಟ್ಟುವ ಹೊತ್ತು ಬೇರೆ. ನಡುವಿನ ಹೊತ್ತನ್ನು ಹಲವರು ಕ್ಯಾಮೆರಾ ಚೀಲದಲ್ಲಿಟ್ಟು ಚಹಾ ಕುಡಿಯುತ್ತ ಕಳೆಯುತ್ತಾರೆ. ನನಗೆ ಅದೇ ಹೊತ್ತು ಇಷ್ಟ. ಆಗ ನೆರಳಿಲ್ಲ, ಆಕಾಶವೊಂದೇ ದೀಪ. ಕೆಸರಿನಲ್ಲಿ ನೇರಳೆ, ಹಾವಸೆ ಹಸಿರು, ಸೀಸದ ಬೂದು ಒಂದರೊಳಗೊಂದು ಕರಗಿರುತ್ತವೆ.

ಎಡಿಟಿಂಗ್ ಎಂದ ಕೂಡಲೇ ಬಣ್ಣ ಬಳಿಯುವುದು ಎಂದುಕೊಳ್ಳುವವರಿದ್ದಾರೆ. ಹೊಸಬರಿಗೆ ಮೊದಲು ತಿಳಿಯಬೇಕಾದ್ದು ರಾ ಫೈಲಿನ ಕತೆ. ಜೆಪೆಗ್ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲುಗಳಲ್ಲಿ ಬೆಳಕನ್ನು ಬರೆದರೆ, 14 ಬಿಟ್‌ನ ರಾ 16,384 ಮೆಟ್ಟಿಲುಗಳಲ್ಲಿ ಬರೆಯುತ್ತದೆ. ನೆರಳಿನಲ್ಲಿ ಮುಳುಗಿದ್ದನ್ನು ಎತ್ತಿ ತರಬಹುದು. ಮೇಲಿನ ಕಡೆ ಮೆಟ್ಟಿಲು ದಾಟಿ ಹೋದ ಬಿಳಿಯನ್ನು ಯಾವ ಸಾಫ್ಟ್‌ವೇರೂ ತಾರದು, ಅಲ್ಲಿ ಬರೆದದ್ದೇ ಏನೂ ಇಲ್ಲ. ದುಡ್ಡಿಲ್ಲದವರಿಗೆ ಡಾರ್ಕ್‌ಟೇಬಲ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಲೈಟ್‌ರೂಮೇ ಬೇಕೆಂದಿಲ್ಲ. ಹೈಲೈಟ್ ತುಸು ಇಳಿಸಿದಾಗ ಗರಿಯ ಎಳೆಗಳು ಒಂದೊಂದಾಗಿ ಮೇಲೇಳುವುದನ್ನು ನೋಡುವುದೇ ಒಂದು ಸುಖ. ಅಲ್ಲಿಗೆ ನಿಲ್ಲಿಸಬೇಕು, ನಿಲ್ಲಿಸುವುದೇ ಕಷ್ಟ. ಕ್ಲಾರಿಟಿಯನ್ನು ಎಳೆದರೆ ಗರಿ ತಂತಿಯಾಗುತ್ತದೆ, ಶಾರ್ಪ್‌ನೆಸ್ ಹೆಚ್ಚಿದರೆ ಹಕ್ಕಿಯ ಸುತ್ತ ದೇವರ ಪಟದ ಪ್ರಭಾವಳಿ. ವೈಟ್ ಬ್ಯಾಲೆನ್ಸಿನ ಆಟೊ ಗುಂಡಿ ಇನ್ನೊಂದು ಶತ್ರು: ಬೆನ್ನಿನ ಆ ತೆಳುನೀಲಿಯನ್ನು ಅದು ದೋಷವೆಂದು ತಿಳಿದು ತೊಳೆದುಬಿಡುತ್ತದೆ. ತೊಳೆದರೆ ಕದ್ವಾಡದ ಬೆಳಗೂ ಹೋಯಿತು.

ಹಿಂದಿನವರಿಗೆ ರಾ ಫೈಲಿನ ಈ ಅನುಕೂಲ ಇರಲಿಲ್ಲ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಅವರ ಕಾಲದ ಸ್ಲೈಡ್ ಫಿಲ್ಮಿನಲ್ಲಿ ಅರ್ಧ ಸ್ಟಾಪ್ ತಪ್ಪಿದರೂ ಬಿಳಿ ಹೋದಂತೆಯೇ. ಸಂಡೂರಿನ ಎಂ.ವೈ. ಘೋರ್ಪಡೆ ಕಾಡನ್ನು ಕಪ್ಪು-ಬಿಳುಪಿನಲ್ಲೇ ಕಂಡವರು. ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರಿಗೆ ಬೂದುಬಣ್ಣದ ಇಷ್ಟೊಂದು ಛಾಯೆಗಳನ್ನು ಎಣಿಸುವ ವ್ಯವಧಾನ ಎಲ್ಲಿಂದ ಬಂತೋ! 1983ರಲ್ಲಿ ಬಂದ ಅವರ ‘ಸನ್‌ಲೈಟ್ ಅಂಡ್ ಶಾಡೋಸ್’ ಪುಸ್ತಕ ಎಲ್ಲಾದರೂ ಸಿಕ್ಕರೆ ಹೊಸಬರು ಬಿಡಬಾರದು. ಆಗ ಡಾರ್ಕ್‌ರೂಮಿನಲ್ಲಿ ಎನ್ಲಾರ್ಜರಿನ ಬೆಳಕಿಗೆ ಅಂಗೈ ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುತ್ತಿದ್ದರು, ಹೆಚ್ಚು ಬೆಳಕು ಬಿಟ್ಟು ಇನ್ನೊಂದನ್ನು ಗಾಢ ಮಾಡುತ್ತಿದ್ದರು. ಇಂದಿನ ಸಾಫ್ಟ್‌ವೇರಿನ ಡಾಜ್, ಬರ್ನ್ ಆ ಕೈಚಳಕವೇ.

ಕಾಳಿಯ ಬಿಳಿಯನ್ನು ಕ್ಯಾಮೆರಾ ಇಲ್ಲದೆ ಸವಿದವರೂ ಇದ್ದಾರೆ. 1880ರ ದಶಕದಲ್ಲಿ ರವೀಂದ್ರನಾಥ ಟ್ಯಾಗೋರರು, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ, ಬೆಳದಿಂಗಳ ರಾತ್ರಿ ದೋಣಿಯಲ್ಲಿ ಈ ನದಿಯ ಮೇಲೆ ಹೋಗಿದ್ದನ್ನೂ ಮರಳ ದಂಡೆಯಲ್ಲಿ ನಡೆದು ಮರಳಿದ್ದನ್ನೂ ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಇಂದು ಆ ಬೆಳದಿಂಗಳ ಮರಳನ್ನು ಟ್ರೈಪಾಡಿನ ಮೇಲೆ ಕ್ಯಾಮೆರಾ ಇಟ್ಟು ಬಹಳ ಹೊತ್ತು ತೆರೆದು ತೆಗೆದರೆ ಹಗಲಿನಂತೆ ಬರುತ್ತದೆ. ಬೆಳದಿಂಗಳೂ ಬಿಸಿಲೇ ತಾನೆ, ಚಂದ್ರನನ್ನು ಬಡಿದು ಬಂದದ್ದು. ರಾತ್ರಿಯನ್ನು ರಾತ್ರಿಯಾಗಿ ಉಳಿಸುವ ಕೆಲಸ ಎಡಿಟಿಂಗಿಗೆ ಬರುತ್ತದೆ, ಅಂದರೆ ಬೆಳಕನ್ನು ಬೇಕೆಂದೇ ಕಡಿಮೆ ಮಾಡುವುದು.

ಹಕ್ಕಿಯ ಹಿಂದೆ ವಿದ್ಯುತ್ ತಂತಿ ಬಂತೆಂದು ಅಳಿಸುವ ಬಗ್ಗೆ ಒಂದು ಮಾತು. ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ, ಫಿಯಾಪ್‌ನಂಥ ಸಂಸ್ಥೆಗಳ ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು, ಬೆಳಕು ತಿದ್ದಬಹುದು. ಸೇರಿಸುವುದು, ಸರಿಸುವುದು, ಅಳಿಸುವುದು ಕೂಡದು. ಸ್ಪರ್ಧೆಗೆ ಕಳಿಸದಿದ್ದರೂ ಈ ನಿಯಮ ಕಲಿಯುವವರಿಗೆ ಲಾಭದ್ದು: ತಂತಿ ಬೇಡವಾದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವುದನ್ನು ಅದು ಕಲಿಸುತ್ತದೆ.

ಕಡೆಗೆ ಪ್ರಿಂಟ್ ಹಾಕಿಸಬೇಕು, ಮೊಬೈಲಿನಲ್ಲೇ ಬಿಡಬಾರದು. ಪರದೆ ಬೆಳಕನ್ನು ಉಗುಳುತ್ತದೆ, ಕಾಗದ ತನ್ನ ಮೇಲೆ ಬಿದ್ದದ್ದನ್ನಷ್ಟೇ ಹಿಂದಿರುಗಿಸುತ್ತದೆ. ಕಾಗದದಲ್ಲಿ ಅತಿ ಬಿಳಿ ಅಂದರೆ ಶಾಯಿ ಬೀಳದ ಜಾಗ, ಬರಿಯ ಕಾಗದ. ಹಾಗಾಗಿ ಗರಿಯ ಮೇಲೆ ಚೂರಾದರೂ ಶಾಯಿ ಬೀಳುವಂತೆ ಬಿಳಿಯನ್ನು ಕೂದಲೆಳೆಯಷ್ಟು ಇಳಿಸಿ ಕೊಡಬೇಕು. ಸ್ಟುಡಿಯೋದವರು ಗ್ಲಾಸಿಯೇ ಚಂದ ಎನ್ನುತ್ತಾರೆ. ಮ್ಯಾಟ್ ಕೇಳಿ. ಗ್ಲಾಸಿಯಲ್ಲಿ ಬೆಳ್ಳಕ್ಕಿಗಿಂತ ಮೊದಲು ಕೋಣೆಯ ಟ್ಯೂಬ್‌ಲೈಟ್ ಕಾಣುತ್ತದೆ.