ದುರಂತವೆಂಬ ಮಾತು

ಸವೆದ ನಾಣ್ಯದಂತೆ ನಮ್ಮ ಬರೆವಣಿಗೆಯಲ್ಲಿ ಕೈಯಿಂದ ಕೈಗೆ ಹೋಗುತ್ತಿರುವ ಮಾತುಗಳ ಪೈಕಿ ‘ದುರಂತ’ವೂ ಒಂದು. ಸಾಹಿತ್ಯದ ವಿದ್ಯಾರ್ಥಿಗೆ ಈ ಮಾತು ಗ್ರೀಕರ ನಾಟಕಗಳನ್ನು ನೆನಪಿಗೆ ತರುತ್ತದೆ. ಸೊಫೊಕ್ಲಿಸನ ‘ಅಜಾಕ್ಸ್’ ನಾಟಕವನ್ನು ಆಧಾರವಾಗಿಟ್ಟುಕೊಂಡು ಬಿ.ಎಂ. ಶ್ರೀಕಂಠಯ್ಯನವರು ರಚಿಸಿದ ‘ಅಶ್ವತ್ಥಾಮನ್’ ಕಣ್ಣ ಮುಂದೆ ನಿಲ್ಲುತ್ತದೆ. ವೃತ್ತಪತ್ರಿಕೆಯ ವಾಚಕನಿಗಾದರೋ ಅದೇ ಮಾತು ರೈಲು ಹಳಿ ತಪ್ಪಿದುದನ್ನು, ಸೇತುವೆ ಕೊಚ್ಚಿಹೋದುದನ್ನು ಹೇಳುತ್ತದೆ. ಎರಡು ಅರ್ಥಗಳೂ ಒಂದೇ ಮಾತಿನಲ್ಲಿ ವಾಸವಾಗಿರುವುದರಿಂದ ನಮ್ಮ ಅಪಘಾತದ ಬರೆವಣಿಗೆಗೆ ಒಂದು ಕೇಡು ಬಂದಿದೆಯೆಂದು ನನ್ನ ಎಣಿಕೆ.

ನಾಟಕದಲ್ಲಿ ಬೀಳುವವನು ತನ್ನ ಸ್ವಭಾವದಿಂದ ಬೀಳುತ್ತಾನೆ. ಅಶ್ವತ್ಥಾಮನ ರೋಷವಾಗಲಿ, ರನ್ನನ ದುರ್ಯೋಧನನ ಛಲವಾಗಲಿ ಅವರವರದೇ. ವಿಧಿಯೂ ಅಲ್ಲಿ ಕೈಯಿಕ್ಕುತ್ತದೆ, ನಿಜ. ಆದರೆ ವಿಧಿ ಹಿಡಿಯಲು ಬೇಕಾದ ಜುಟ್ಟನ್ನು ನಾಯಕನೇ ಬೆಳೆಸಿಕೊಂಡಿರುತ್ತಾನೆ. ರೈಲಿನ ಸಾಮಾನ್ಯ ಡಬ್ಬಿಯಲ್ಲಿ ಗಂಟನ್ನು ತಲೆಗಿಟ್ಟುಕೊಂಡು ಮಲಗಿದವನು ಏನನ್ನು ಬೆಳೆಸಿಕೊಂಡಿದ್ದ? ಅವನು ಸತ್ತದ್ದು ಬೇರೆಯವರು ಮಾಡಿದ, ಅಥವಾ ಮಾಡದೆ ಬಿಟ್ಟ ಕೆಲಸದಿಂದ. ಅವನ ಸಾವಿಗೂ ನಾಟಕದ ಭಾಷೆಯನ್ನೇ ತೊಡಿಸಿದರೆ ಆ ಬೇರೆಯವರು ರಂಗದಿಂದ ಮೆಲ್ಲನೆ ಇಳಿದು ಹೋಗುತ್ತಾರೆ; ಅವರು ನಿಂತಿದ್ದೆಡೆಯಲ್ಲಿ ಜವರಾಯ ಬಂದು ನಿಲ್ಲುತ್ತಾನೆ. ಜವರಾಯನನ್ನು ಯಾವ ವಿಚಾರಣಾ ಮಂಡಲಿಯೂ ಕರೆಸಿ ಕೇಳಲಾರದು.

ಉದಾಹರಣೆಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಸೋಮಂದೇಪಲ್ಲಿಗೆ ಹತ್ತಿರದ ಪೆನುಕೊಂಡೆಯ ನಿಲ್ದಾಣದಲ್ಲಿ 2012ರ ಮೇ 22ರಂದು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಬರುತ್ತಿದ್ದ ಹಂಪಿ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸ್ ಗಾಡಿಗೆ ಡಿಕ್ಕಿ ಹೊಡೆಯಿತು. ಒಂದು ಡಬ್ಬಿ ಹತ್ತಿ ಉರಿಯಿತು. ಸುಮಾರು 25 ಮಂದಿ ಸತ್ತರು. ನಿಲ್ಲೆಂದು ಹೇಳುವ ಸಿಗ್ನಲನ್ನು ಗಾಡಿ ದಾಟಿ ಬಂದಿತ್ತು. ಮರುವರ್ಷ ಡಿಸೆಂಬರ್ 28ರಂದು, ಅದೇ ನಸುಕಿನ ವೇಳೆಯಲ್ಲಿ, ಕೊತ್ತಚೆರುವಿನ ಬಳಿ ಬೆಂಗಳೂರು–ನಾಂದೇಡ್ ಎಕ್ಸ್‌ಪ್ರೆಸ್ಸಿನ ಹವಾನಿಯಂತ್ರಿತ ಡಬ್ಬಿಗೆ ಬೆಂಕಿ ಬಿದ್ದು 26 ಜನ ಹೋದರು. ಅಂತಹ ಡಬ್ಬಿಯ ಕಿಟಕಿಗಳು ತೆರೆಯುವ ಕಿಟಕಿಗಳಲ್ಲವೆಂಬುದನ್ನು ನೆನಪಿನಲ್ಲಿಡಬೇಕು. 2015ರ ಆಗಸ್ಟಿನಲ್ಲಿ ಪೆನುಕೊಂಡೆಯ ಬಳಿಯ ಲೆವೆಲ್ ಕ್ರಾಸಿಂಗಿನಲ್ಲಿ ಕಲ್ಲು ಹೊತ್ತ ಲಾರಿಯೊಂದು ಅದೇ ನಾಂದೇಡ್ ಗಾಡಿಗೆ ನುಗ್ಗಿತು. ದೇವದುರ್ಗದ ಶಾಸಕ ವೆಂಕಟೇಶ ನಾಯಕರು ಸತ್ತದ್ದು ಅದರಲ್ಲಿ.

ಮೂರೂವರೆ ವರ್ಷದೊಳಗೆ, ಒಂದೇ ಸೀಮೆಯಲ್ಲಿ, ಮೂರು. ಆದರೆ ಕಾರಣ ಮೂರು ಬಗೆ: ದಾಟಿದ ಸಿಗ್ನಲು, ಹತ್ತಿಕೊಂಡ ಡಬ್ಬಿ, ನುಗ್ಗಿದ ಲಾರಿ. ಬರೆವಣಿಗೆಯ ಕೆಲಸ ಈ ಬೇರೆತನವನ್ನು ಕಾಣಿಸುವುದು. ನಮ್ಮ ಸಿದ್ಧಮಾತುಗಳು ಮಾಡುವುದು ಇದಕ್ಕೆ ತದ್ವಿರುದ್ಧ. ‘ಜವರಾಯನ ಅಟ್ಟಹಾಸ’, ‘ವಿಧಿಯ ಕ್ರೂರ ಲೀಲೆ’, ‘ಮೃತ್ಯುವಿನ ದವಡೆ’—ಇವನ್ನು ಮೂರರಲ್ಲಿ ಯಾವುದರ ಮೇಲಿಟ್ಟರೂ ಕೂಡುತ್ತವೆ. ಎಲ್ಲಕ್ಕೂ ಕೂಡುವ ಮಾತು ಯಾವುದನ್ನೂ ಹೇಳುವುದಿಲ್ಲ. 1981ರ ಫೆಬ್ರವರಿಯಲ್ಲಿ ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆ ಉರಿದು 92 ಜನ ಸತ್ತರಷ್ಟೆ. ಅವರಲ್ಲಿ ಬಹುಪಾಲು ಮಕ್ಕಳು. ಅಂಥ ಮಕ್ಕಳನ್ನು ‘ಅರಳುವ ಮುನ್ನ ಬಾಡಿದ ಮೊಗ್ಗುಗಳು’ ಎಂದು ಕರೆಯುವುದು ನಮಗೆ ರೂಢಿ. ಮೊಗ್ಗು ತಾನಾಗಿ ಬಾಡುತ್ತದೆ. ಮಕ್ಕಳು ತಾವಾಗಿ ಸುಡಲಿಲ್ಲ.

ಪತ್ರಿಕೆಗಳನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಉಪಾಧ್ಯಾಯರಾದ ನಾವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 1956ರಲ್ಲಿ ಮಹಬೂಬ್‌ನಗರದ ಬಳಿ ಒಂದು, ತಮಿಳುನಾಡಿನ ಅರಿಯಲೂರಿನ ಬಳಿ ಮತ್ತೊಂದು, ಹೀಗೆ ಎರಡು ರೈಲು ಅಪಘಾತಗಳಾದುವು. ಎರಡರಲ್ಲಿಯೂ ಸೇತುವೆ ಕುಸಿದಿತ್ತು; ಒಂದೊಂದರಲ್ಲಿಯೂ ನೂರಕ್ಕೆ ಮೀರಿ ಜನ ಸತ್ತರು. ನಾವು ಮಕ್ಕಳಿಗೆ ಹೇಳಿಕೊಡುವುದು ಎರಡನೆಯದಾದ ಮೇಲೆ ರೈಲ್ವೆ ಮಂತ್ರಿಗಳಾಗಿದ್ದ ಲಾಲ್ ಬಹಾದೂರ್ ಶಾಸ್ತ್ರಿಗಳು ರಾಜೀನಾಮೆ ಕೊಟ್ಟ ಕಥೆಯನ್ನು. ಅದು ಹೇಳತಕ್ಕ ಕಥೆಯೇ. ಶಾಸ್ತ್ರಿಗಳ ದೊಡ್ಡತನದಲ್ಲಿ ಸಂದೇಹವಿಲ್ಲ. ಆದರೆ ಮಳೆಗಾಲದ ಹೊಳೆ ಸೇತುವೆಯ ಬುಡಕ್ಕೆ ಏನು ಮಾಡುತ್ತದೆ, ಅದನ್ನು ಕಾಯುವ ಕೆಲಸ ಯಾರದು ಎಂದು ನಾನು ಒಂದು ಸಲವಾದರೂ ತರಗತಿಯಲ್ಲಿ ಕೇಳಿದ್ದೇನೆಯೆ? ಸತ್ತವರು ಆ ಪಾಠದಲ್ಲಿ ಒಬ್ಬರ ಸದ್ಗುಣಕ್ಕೆ ಹಿನ್ನೆಲೆಯ ಪರದೆಯಾಗಿ ಉಳಿದಿದ್ದಾರೆ, ಅಷ್ಟೆ.

ಇಲ್ಲೊಂದು ಆಕ್ಷೇಪಣೆ ಬರಬಹುದು. ವಿಧಿಯೆಂಬ ಮಾತನ್ನೇ ಕನ್ನಡದಿಂದ ಹೊರಗೆ ಹಾಕಬೇಕೆ? ಖಂಡಿತ ಬೇಡ. ಮಗನ ಹೆಣದ ಮುಂದೆ ಕುಳಿತ ತಾಯಿ ಹಣೆ ಚಚ್ಚಿಕೊಂಡು ‘ವಿಧಿಯೇ’ ಎಂದರೆ ಅವಳ ಮಾತನ್ನು ತಿದ್ದಲು ಹೋಗುವವನು ವಿಮರ್ಶಕನಲ್ಲ, ಮೂರ್ಖ. ಅವಳ ಬಾಯಲ್ಲಿ ಅದು ಅಳು. ಮೇಜಿನ ಮುಂದೆ ಕುಳಿತು ಬರೆಯುವವನ ಲೇಖನಿಯಲ್ಲಿ ಅದು ಅಳುವೂ ಅಲ್ಲ, ಸುದ್ದಿಯೂ ಅಲ್ಲ. ಇನ್ನೊಂದು ಮಾತು: ‘ಚಾಲಕನ ಅಲಕ್ಷ್ಯ’ ಎಂದು ಎರಡು ಪದ ಬರೆದು ಕೈ ತೊಳೆದುಕೊಳ್ಳುವುದೂ ವಿಧಿಗೆ ಬೇರೊಂದು ಹೆಸರಿಟ್ಟಂತೆಯೇ. ಆ ಚಾಲಕ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದ ಎಂದು ಕೇಳುವವರೆಗೂ ಬರೆವಣಿಗೆ ಮುಗಿಯುವುದಿಲ್ಲ.

ಸಾವನ್ನು ಕುರಿತು ಹೀಗೆ ನೆಟ್ಟಗೆ ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಮಡಕಶಿರೆಯ ಕಡೆಯ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಊರು. ನೊಳಂಬರು ಆಳಿದ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಬರಹವುಳ್ಳ ವೀರಗಲ್ಲನ್ನು ಓದಿದವರಿಗೆ ಅದರ ರೀತಿ ಗೊತ್ತು: ಯಾರ ಆಳ್ವಿಕೆಯಲ್ಲಿ, ಯಾವ ಊರಿನ ತುರುಗೊಳಿನಲ್ಲಿ, ಯಾರ ಮಗ, ಯಾರೊಡನೆ ಕಾದಿ ಸತ್ತ, ಉಳಿದವರಿಗೆ ಯಾವ ಹೊಲ ಬಿಟ್ಟರು. ಸತ್ತವನು ಸ್ವರ್ಗಕ್ಕೆ ಹೋದನೆಂಬುದೂ ಉಂಟು, ದೇವಾಂಗನೆಯರೂ ಉಂಟು. ಆದರೆ ಕಾರಣವನ್ನು ಹೇಳಿದ ಮೇಲೆ. ಮದ್ದೂರಿನ ಬಳಿಯ ಆತಕೂರಿನ ಶಾಸನವಂತೂ, ಸುಮಾರು 949–50ರದು, ಕಾಳಿಯೆಂಬ ನಾಯಿಗಾಗಿ ನಿಲ್ಲಿಸಿದ ಕಲ್ಲು. ಹಂದಿಯ ಮೇಲೆ ಬಿಟ್ಟದ್ದು, ಎರಡೂ ಒಂದನ್ನೊಂದು ಕೊಂದು ಸತ್ತದ್ದು, ಕಲ್ಲು ನಿಂತ ಗುಡಿ, ಅದರ ಪೂಜೆಗೆ ಬಿಟ್ಟ ಮಣ್ಣು ಎಲ್ಲವೂ ಅಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಸಂದ ಮರ್ಯಾದೆಯನ್ನು, ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೋದವರಿಗೆ ನಮ್ಮ ಗದ್ಯ ಸಲ್ಲಿಸಿದೆಯೆ ಎಂದು ಕೇಳಿಕೊಳ್ಳಲು ನನಗೆ ಸಂಕೋಚವಾಗುತ್ತದೆ.

ಸಂಕೋಚಕ್ಕೆ ಬೇರೊಂದು ಕಾರಣವೂ ಉಂಟು. 2012ರಲ್ಲಿ ನಾನು ತರಬೇತಿ ಮುಗಿಸಿ ಕೆಲಸಕ್ಕೆ ಸೇರಿ ಬಹಳ ದಿನವಾಗಿರಲಿಲ್ಲ. ಬೇಸಿಗೆಯ ರಜೆ ಕಳೆದು ಶಾಲೆ ತೆರೆದಾಗ ನಾಲ್ಕನೆಯ ತರಗತಿಗೆ ‘ನಾನು ಕೇಳಿದ ಒಂದು ಸುದ್ದಿ’ ಎಂದು ಪ್ರಬಂಧ ಕೊಟ್ಟೆ. ಒಬ್ಬ ಹುಡುಗ ಬರೆದ: ‘ಗೂಡ್ಸು ನಿಂತಿತ್ತು. ಕೆಂಪು ದೀಪ ಇತ್ತಂತೆ. ರೈಲು ನಿಲ್ಲಲಿಲ್ಲ. ಮುಂದಿನ ಡಬ್ಬಿಯಲ್ಲಿ ಕೂಲಿಗೆ ಹೋಗುವವರು ಇದ್ದರು.’ ಈ ನಾಲ್ಕು ವಾಕ್ಯ ನನಗೆ ಬಡಬಡನೆ ಹೇಳಿದಂತೆ ಕಂಡುವು. ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು, ‘ವಿಧಿಯ ಕ್ರೂರ ಲೀಲೆಗೆ ಅಮಾಯಕರು ಬಲಿಯಾದರು’ ಎಂದು ಅಂಚಿನಲ್ಲಿ ಬರೆದುಕೊಟ್ಟೆ. ಹತ್ತು ಸಲ ಕಾಪಿ ಬರೆಯಲೂ ಹೇಳಿದೆ.

ಹುಡುಗ ಚುರುಕಾದವನು. ಅರ್ಧವಾರ್ಷಿಕ ಪರೀಕ್ಷೆಗೆ ‘ನಮ್ಮೂರ ಕೆರೆ’ ಎಂಬ ವಿಷಯ ಬಂದಿತ್ತು. ಕೆರೆ ಹೂಳು ತುಂಬಿ ಬತ್ತಿದ್ದನ್ನು ಅವನು ಒಂದೇ ವಾಕ್ಯದಲ್ಲಿ ಮುಗಿಸಿದ್ದ: ಅದು ವಿಧಿಯ ಕ್ರೂರ ಲೀಲೆ. ನಾನು ಹತ್ತಕ್ಕೆ ಎಂಟು ಅಂಕ ಕೊಟ್ಟೆ.