ಹಿಮಬಂಡಿಯ ಪೆಟ್ರೋಲ್ ಲೆಕ್ಕ

ಅಮೆರಿಕದ ವಯೋಮಿಂಗ್ ಬೆಟ್ಟಗಳಲ್ಲಿ 10,000 ಅಡಿ ಮೇಲೆ ಗಾಳಿ ತೆಳು. ಅಲ್ಲಿ ಸಾದಾ ಸ್ನೋಮೊಬೈಲಿನ, ಅಂದರೆ ಹಿಮಬಂಡಿಯ, ಕಸುವು ಕಾಲುಭಾಗಕ್ಕೂ ಹೆಚ್ಚು ಇಳಿದುಹೋಗುತ್ತದೆ. ಟರ್ಬೊ ಆ ಗಾಳಿಯನ್ನೇ ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಅಬ್ಬರವೆಲ್ಲ ಅದರದೇ, ನಿಜ. ನನ್ನ ಮೆಚ್ಚುಗೆ ಮಾತ್ರ ಪೆಟ್ರೋಲಿನ ಲೆಕ್ಕ ಕೂಡಿಸುವ ಟ್ಯೂನರ್‌ಗೆ. ಟರ್ಬೊ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, 8 ಪಿಎಸ್‌ಐ ಏರಿದರೆ ಇಂಜೆಕ್ಟರಿಗೆ ಬರುವ ಪೆಟ್ರೋಲಿನ ಒತ್ತಡವೂ ಅಷ್ಟೇ ಏರಬೇಕು. ಪೆಟ್ರೋಲ್ ಸಾಲದೆಹೋದರೆ ಟೂ-ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ ಕರಗಿ ತೂತುಬೀಳಲು ಹೆಚ್ಚು ಹೊತ್ತು ಬೇಡ. ಹೆಚ್ಚಾದರೆ? ಎಂಜಿನ್ ಗೊರಗುಟ್ಟಿ ಮಂಕಾಗುತ್ತದೆ, ಅಷ್ಟೆ. ಅದಕ್ಕೇ ಜಾಣರು ಧಾರಾಳವಾಗಿ ಸುರಿದು ಶುರುಮಾಡಿ, ಹೊಗೆಯ ಬಿಸಿ ಅಳೆಯುತ್ತ ಹನಿಹನಿಯಾಗಿ ಕಡಿಮೆ ಮಾಡುತ್ತಾರೆ. ಚಳಿ ಹೆಚ್ಚಿದಂತೆ ಗಾಳಿ ದಟ್ಟವಾಗಿ ಪೆಟ್ರೋಲೂ ಹೆಚ್ಚು ಬೇಕಾಗುತ್ತದೆ; ಮಧ್ಯಾಹ್ನ ಕೂಡಿಸಿದ ಲೆಕ್ಕ ಮುಂಜಾನೆಗೆ ಸಾಲದು. 2020ರ ಮಾದರಿಯಾಗಿ ಸ್ಕಿ-ಡೂ ಎಂಬ ಸ್ನೋಮೊಬೈಲ್ ಬ್ರ್ಯಾಂಡ್ ಕಾರ್ಖಾನೆಯಲ್ಲೇ ಟರ್ಬೊ ಕೂರಿಸಿದ ಟೂ-ಸ್ಟ್ರೋಕ್ ಬಂಡಿ ಹೊರತಂದಿತು. ಅದರಲ್ಲಿ ಲೆಕ್ಕವೆಲ್ಲ ಕಂಪ್ಯೂಟರಿನದು. ಆದರೂ ಇನ್ನಷ್ಟು ಬೂಸ್ಟ್ ಬೇಕೆನ್ನುವವರು ಲ್ಯಾಪ್‌ಟಾಪ್ ತೆರೆದು ಆ ಲೆಕ್ಕ ತಿದ್ದುತ್ತ ಕೂರುವುದು ನಿಂತಿಲ್ಲ.